ಮಗಳು ಕೊಂಡ ಹಾರುಕೊಡೆ

ಇಚಲಕರಂಜಿಯವರಾದ ನಮಗೆ ಬಟ್ಟೆಯನ್ನು ಕಣ್ಣಿನಿಂದ ನೋಡುವ ಅಭ್ಯಾಸ ಕಡಿಮೆ. ನಾವು ಬೆರಳಿನಿಂದ ನೋಡುವವರು. ಮದುವೆಯ ಮನೆಗೆ ಹೋದರೂ ಪಕ್ಕದಲ್ಲಿ ಕುಳಿತವರ ಧೋತರದ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ತಿಕ್ಕಿ, ಎಷ್ಟರ ನೂಲು, ಎಷ್ಟು ಪಿಕ್ಕು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡ ಮೇಲೆ ಊಟದ ಪಂಕ್ತಿಗೆ ಏಳುತ್ತೇವೆ. 1904ರಲ್ಲಿ ವಿಠ್ಠಲರಾವ್ ದಾತಾರರು ಈ ಊರಿಗೆ ಮೊದಲ ಯಂತ್ರಮಗ್ಗವನ್ನು ತಂದರು. ಜಹಗೀರುದಾರರಾಗಿದ್ದ ನಾರಾಯಣರಾವ್ ಘೋರ್ಪಡೆಯವರು ಬೆನ್ನಿಗೆ ನಿಂತರು. ಅಂದಿನಿಂದ ಪಂಚಗಂಗೆಯ ದಂಡೆಯ ಈ ಊರಿನಲ್ಲಿ ಮಗ್ಗದ ಸದ್ದು ನಿಂತದ್ದು ವಿದ್ಯುತ್ತು ಹೋದಾಗ ಮಾತ್ರ ಎಂದು ಹಿರಿಯರು ಹೇಳುತ್ತಿದ್ದರು. ಈಚೆಗೆ ಬೇರೆ ಕಾರಣಗಳಿಗೂ ನಿಲ್ಲುತ್ತಿದೆ, ಆ ಮಾತು ಮುಂದೆ ಬರುತ್ತದೆ.

ಈ ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ ನಾವು ಹಿಂದೆ ಸರಿದೆವು. ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ, ಖಿದ್ರಾಪುರದ ಕೋಪೇಶ್ವರ ದೇವಾಲಯದ ಬಗ್ಗೆ, ಶಿಲಾಹಾರರ ಕಾಲದ ಕನ್ನಡದ ಬಗ್ಗೆ ಬರೆಯಬಲ್ಲ ವಿದ್ವಾಂಸರು ನಮ್ಮ ಸಂಘದಲ್ಲಿಯೇ ಇದ್ದಾರೆ. ನಮಗೆ ಶಾಸನ ಓದಲು ಬಾರದು, ಬಟ್ಟೆ ಓದಲು ಬರುತ್ತದೆ. ಆದ್ದರಿಂದ ಕಳೆದ ಚಳಿಗಾಲದಲ್ಲಿ ನಮ್ಮ ಮಗಳು ಕೊಂಡ ಒಂದು ವಸ್ತುವಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ. ‘ನಾವು’ ಎಂದರೆ ಗಂಡ ಹೆಂಡಿರಿಬ್ಬರೂ. ಯಾವ ಮಾತು ಯಾರದೆಂದು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಮನೆಗೆ ಬಂದು ಹೋಗುವ ಬಂಧುಗಳಿಗೆ ಅದು ತಾನಾಗಿಯೇ ತಿಳಿದೀತು.

ಮಗಳು ಕೊಲ್ಹಾಪುರದಲ್ಲಿ ಇಂಜಿನಿಯರಿಂಗ್ ಓದಿ, ಈಗ ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲಾಂಡೋದಲ್ಲಿ ನೌಕರಿಯಲ್ಲಿದ್ದಾಳೆ. ಒಂದು ಭಾನುವಾರ ಫೋನಿನಲ್ಲಿ ಆಚೆ ಈಚೆಯ ಮಾತುಗಳಾದ ಮೇಲೆ ಕೇಳಿದಳು: “ಅಪ್ಪಾ, ಒಂದು ಅರಿವಿ ಫೋಟೋ ಕಳಿಸೀನಿ. ನೂಲು ಹ್ಯಾಂಗದ ಹೇಳ್ರಿ.” ಚಿತ್ರದಲ್ಲಿ ನೀಲಿ ಮತ್ತು ಹಳದಿಯ ನುಣುಪು ಬಟ್ಟೆಯೊಂದು ನೆಲದ ಮೇಲೆ ಹರಡಿತ್ತು. ಅದಕ್ಕೆ ನೂರಾರು ದಾರಗಳು ಕಟ್ಟಿದ್ದವು. ಅದು ಪ್ಯಾರಾಚೂಟ್ ಎಂದೂ, ತಾನು ಈಗಾಗಲೇ 25 ಬಾರಿ ವಿಮಾನದಿಂದ ಜಿಗಿದು ‘ಎ’ ದರ್ಜೆಯ ಪರವಾನಗಿ ಪಡೆದಿರುವುದಾಗಿಯೂ, ಇನ್ನು ಸ್ವಂತದ ಸಾಮಾನು ಕೊಳ್ಳಬೇಕೆಂದಿರುವುದಾಗಿಯೂ ಅವಳು ಅದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮೊದಲು ಹೇಳಿದ್ದರೆ ಬಿಡುತ್ತಿರಲಿಲ್ಲ ಎಂಬುದು ಅವಳ ವಾದ. ಅದು ನಿಜವೂ ಹೌದು. ನಮ್ಮಿಬ್ಬರಲ್ಲಿ ಒಬ್ಬರು ಎರಡು ದಿನ ಅವಳ ಫೋನನ್ನು ಎತ್ತಲಿಲ್ಲ. ಇನ್ನೊಬ್ಬರು ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕುಳಿತರು.

ಬಟ್ಟೆಯಲ್ಲಿ ಚೌಕಳಿ ಕಾಣಿಸುತ್ತಿತ್ತು. ಅದು ಬಣ್ಣದ ಚೌಕಳಿಯಲ್ಲ, ನೇಯ್ಗೆಯದು. ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಕೆಲವು ಎಳೆಗಳಿಗೊಮ್ಮೆ ಒಂದು ಬಲವಾದ ಎಳೆಯನ್ನು ಕೂಡಿಸಿ ನೇಯುವುದರಿಂದ ಮೂಡುವ ಗೆರೆ ಅದು. ಒಂದೆಡೆ ಹರಿದರೂ ಹರಕು ಮುಂದಿನ ಚೌಕದ ಅಂಚಿಗೆ ಬಂದು ನಿಲ್ಲುತ್ತದೆ. ಇದಕ್ಕೆ ‘ರಿಪ್‌ಸ್ಟಾಪ್’ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಹುಟ್ಟಿದ ನೇಯ್ಗೆ. ಅದಕ್ಕೂ ಮೊದಲು ಪ್ಯಾರಾಚೂಟುಗಳು ರೇಷ್ಮೆಯವಾಗಿದ್ದವು. ಅಮೆರಿಕಕ್ಕೆ ರೇಷ್ಮೆ ಬರುತ್ತಿದ್ದುದು ಜಪಾನಿನಿಂದ. ಜಪಾನೇ ಶತ್ರುವಾದ ಮೇಲೆ, ಡ್ಯೂಪಾಂಟ್ ಕಂಪನಿ 1938ರಲ್ಲಿ ಲೋಕಕ್ಕೆ ತೋರಿಸಿದ್ದ ನೈಲಾನ್ ನೂಲು ಹೆಂಗಸರ ಕಾಲುಚೀಲದಿಂದ ಸೈನಿಕರ ಬೆನ್ನಿಗೆ ಏರಿತು. ಇಷ್ಟನ್ನು ನಾವು ಓದಿ ತಿಳಿದೆವು. ಆದರೆ ಫೋಟೋ ನೋಡಿ ನೂಲಿನ ಗುಣ ಹೇಳುವ ನೇಕಾರ ಇನ್ನೂ ಹುಟ್ಟಿಲ್ಲ. ಅದನ್ನೇ ಅವಳಿಗೆ ಹೇಳಿದೆವು.

ಬಳಿಕ ಗಡಹಿಂಗ್ಲಜಕ್ಕೆ ಹೋದೆವು. ಅಲ್ಲಿ ಮಗಳ ಸೋದರಮಾವನಿದ್ದಾರೆ. ಪ್ಯಾರಾಚೂಟ್ ರೆಜಿಮೆಂಟಿನಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ನಮ್ಮ ಜಿಲ್ಲೆಯಲ್ಲಿ ಸೈನಿಕರಿಲ್ಲದ ಊರು ಹುಡುಕುವುದೇ ಕಷ್ಟ. ಶಿರೋಳ ತಾಲ್ಲೂಕಿನ ಟಾಕಳಿಗೆ ‘ಸೈನಿಕ ಟಾಕಳಿ’ ಎಂದೇ ಹೆಸರು. ಮರಾಠಾ ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. ಅದರ ಒಂದು ಹಳೆಯ ಪಲ್ಟಣವೇ ಮುಂದೆ ಪ್ಯಾರಾಚೂಟ್ ಪಲ್ಟಣವಾಗಿ, 1971ರ ಡಿಸೆಂಬರ್ 11ರಂದು ಬಾಂಗ್ಲಾದ ಟಾಂಗೈಲ್‌ನಲ್ಲಿ ಆಕಾಶದಿಂದ ಇಳಿಯಿತು. ಆದ್ದರಿಂದ ಹಿರಣ್ಯಕೇಶಿಯ ದಂಡೆಯಲ್ಲಿ ಕುಳಿತು ಪ್ಯಾರಾಚೂಟಿನ ಮಾತಾಡುವುದು ಅಷ್ಟೇನೂ ವಿಚಿತ್ರವಲ್ಲ. ಮಾಮಾ ಅಂಗಳದಲ್ಲಿ ಸಂಕೇಶ್ವರದ ಮೆಣಸಿನಕಾಯಿ ಒಣಹಾಕುತ್ತಿದ್ದರು. ಅವರು ಅಂಜಿಸಿ ಮಗಳನ್ನು ಹಿಂದಕ್ಕೆ ಎಳೆಯಲಿ ಎಂಬ ಆಸೆ ನಮ್ಮಲ್ಲಿ ಒಬ್ಬರಿಗಿತ್ತು. ಅವರು ಹಾಗೆ ಮಾಡಲಿಲ್ಲ. ಆಗ್ರಾದ ಶಾಲೆಯಲ್ಲಿ ಐದು ಜಿಗಿತ ಮುಗಿಸಿದರೆ ಎದೆಗೆ ರೆಕ್ಕೆಯ ಬಿಲ್ಲೆ ಸಿಗುತ್ತಿತ್ತು, ಅದರಲ್ಲಿ ಒಂದು ರಾತ್ರಿಯ ಜಿಗಿತ, ಎಂದು ನೆನೆದರು. ಆಮೇಲೆ ಹೇಳಿದರು: “ಯಾವ ಬಣ್ಣ, ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಯಾರು ಮಡಚ್ಯಾರ ಅಂತ ಕೇಳ್ರಿ. ನಮ್ಮ ಕೊಡಿ ನಾವು ಮಡಚತಿದ್ದಿಲ್ಲ, ಬ್ಯಾರೆಯವರು ಮಡಚತಿದ್ರು. ಮಡಚಿದವನ ಸಹಿ ಇರತಿತ್ತು.”

ಈ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಮನೆಗೆ ಬಂದೆವು. ಅಂದು ರಾತ್ರಿ ಫೋನ್ ಎತ್ತದವರೂ ಫೋನ್ ಎತ್ತಿದರು. ಪ್ರಶ್ನೆ ಕೇಳಿದಾಗ ಮಗಳು ನಕ್ಕಳು. “ದೊಡ್ಡದನ್ನ ನಾನs ಮಡಚತೀನಿ, ಅವ್ವಾ” ಎಂದಳು. ಮೌನ ಮತ್ತೆ ಕವಿಯಿತು.

ನಮ್ಮ ಜಿಲ್ಲೆಯಲ್ಲಿ ಇಂಥ ಜಿಗಿತದ ಮೈದಾನವಿಲ್ಲ. ಮೈಸೂರಿನ ವಿಮಾನ ನಿಲ್ದಾಣದಲ್ಲಿ ಕೆಲವು ಬಾರಿ ಶಿಬಿರಗಳು ನಡೆದಿವೆ. ಮಹಾರಾಷ್ಟ್ರದವರಿಗೆ ಶೀತಲ್ ಮಹಾಜನರ ಹೆಸರು ಗೊತ್ತು: ಪುಣೆಯ ಈ ಮಹಿಳೆ 2004ರಲ್ಲಿ ತಮ್ಮ ಮೊದಲ ಜಿಗಿತವನ್ನೇ ಉತ್ತರ ಧ್ರುವದ ಮೇಲೆ ಜಿಗಿದವರು, 2011ರಲ್ಲಿ ಪದ್ಮಶ್ರೀ ಪಡೆದವರು, 2018ರಲ್ಲಿ ಥಾಯ್ಲೆಂಡಿನಲ್ಲಿ ನವವಾರಿ ಸೀರೆ ಉಟ್ಟುಕೊಂಡು ಹದಿಮೂರು ಸಾವಿರ ಅಡಿಯಿಂದ ಧುಮುಕಿದವರು. ಆ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಮನೆಯಲ್ಲಿಯೂ ಕೈಯಿಂದ ಕೈಗೆ ಹೋಗಿತ್ತು. ಕಚ್ಚೆ ಗಟ್ಟಿಯಾಗಿ ಕಟ್ಟಿದ್ದಾರೆ ಎಂಬುದಷ್ಟೇ ಅಂದು ನಮ್ಮ ವಿಮರ್ಶೆ. ಪರರ ಮಗಳು ಹಾರಿದಾಗ ಕಚ್ಚೆ ನೋಡುವುದು ಸುಲಭ.

ಕೊಳ್ಳುವ ಕ್ರಮವನ್ನು ಮಗಳು ವಿವರಿಸಿದಳು. ಹೊಸಬರು ಮೊದಲಿಗೆ ಸಣ್ಣ ಸಾಮಾನುಗಳನ್ನು ಕೊಳ್ಳುತ್ತಾರೆ: ಕೈಗೆ ಕಟ್ಟುವ ಎತ್ತರ ತೋರಿಸುವ ಗಡಿಯಾರ, ತಲೆಗೆ ಹೆಲ್ಮೆಟ್, ಕನ್ನಡಕ, ಮೈಗೆ ಒಂದು ಅಂಗಿ-ಚಲ್ಲಣ ಕೂಡಿಸಿ ಹೊಲಿದ ಉಡುಪು. ಎತ್ತರದ ಗಡಿಯಾರವನ್ನು ಅವಳು ಆಗಲೇ ಕೊಂಡಿದ್ದಳು. ಹದಿಮೂರು ಸಾವಿರದ ಐನೂರು ಅಡಿಯಿಂದ ಬಿದ್ದರೆ ಕೊಡೆ ಬಿಚ್ಚುವ ಮೊದಲು ಸುಮಾರು ಒಂದು ನಿಮಿಷ ಸಿಗುತ್ತದೆ. ಗಂಟೆಗೆ ಇನ್ನೂರು ಕಿಲೋಮೀಟರಿನ ಹತ್ತಿರದ ವೇಗ. ಆ ಒಂದು ನಿಮಿಷದಲ್ಲಿ ನೆಲ ಎಷ್ಟು ದೂರವಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಬೂಟು ಸಾದಾ ಇರಬೇಕು. ಲೇಸು ಸಿಕ್ಕಿಸುವ ಲೋಹದ ಕೊಕ್ಕೆಯಿರುವ ಬೂಟು ಬೇಡ, ಕೊಡೆಯ ದಾರ ಅದಕ್ಕೆ ಸಿಕ್ಕಿಬಿದ್ದೀತು. ಇದನ್ನು ಕೇಳಿ ನಮಗೆ ಸಮಾಧಾನವಾಯಿತು. ಕೊಕ್ಕೆಗೆ ದಾರ ಸಿಕ್ಕುವ ಅಪಾಯವನ್ನು ಯೋಚಿಸುವ ಜನ ದಡ್ಡರಿರಲಾರರು.

ದೊಡ್ಡ ಖರ್ಚು ಇರುವುದು ಬೆನ್ನಿಗೆ ಕಟ್ಟುವ ಗಂಟಿನಲ್ಲಿ. ಅದನ್ನು ‘ರಿಗ್’ ಎನ್ನುತ್ತಾರೆ. ಅದರಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು, ಒಂದೊಂದನ್ನೂ ಬೇರೆ ಬೇರೆ ಕಡೆಯಿಂದ ಕೊಳ್ಳಬಹುದು. ಪಟ್ಟಿಗಳಿರುವ ಚೀಲ, ಮುಖ್ಯ ಕೊಡೆ, ಅದು ಕೈಕೊಟ್ಟರೆಂದು ಇಟ್ಟ ಎರಡನೆಯ ಕೊಡೆ, ಮತ್ತು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಯಂತ್ರ. ಎಲ್ಲವನ್ನೂ ಹೊಸದಾಗಿ ಹೊಲಿಸಿಕೊಂಡರೆ ಏಳೆಂಟು ಸಾವಿರ ಡಾಲರಿಗೆ ಕಡಿಮೆಯಿಲ್ಲ, ಮೇಲೆ ತಿಂಗಳುಗಟ್ಟಲೆ ಕಾಯಬೇಕು. ಬಳಸಿದ್ದನ್ನು ಕೊಂಡರೆ ಅರ್ಧಕ್ಕೆ ಆದೀತು. ನಮ್ಮ ಮೊದಲ ಮಾತು “ಹೊಸದs ತಗೋ” ಎಂಬುದೇ ಆಗಿತ್ತು. ಯಾರ ಮಗಳಿಗಾದರೂ ಹಳೆಯ ಪ್ಯಾರಾಚೂಟ್ ಕೊಡಿಸುವ ಅಪ್ಪ ಅವ್ವ ಇರುತ್ತಾರೆಯೇ? ಅವಳ ವಾದ ಬೇರೆಯಿತ್ತು, ಅದರಲ್ಲಿ ತಿರುಳಿತ್ತು. ಹೊಸಬರು ಕೆಸರಿನಲ್ಲಿ, ಮುಳ್ಳುಕಂಟಿಯಲ್ಲಿ ಇಳಿಯುತ್ತಾರೆ. ನೂರು ಜಿಗಿತದ ನಂತರ ಬೇರೆ ಅಳತೆಯ ಕೊಡೆ ಬೇಕೆನಿಸಬಹುದು. ಇನ್ನೊಂದು ಕಾರಣವನ್ನು ನೇಕಾರರಾದ ನಾವೇ ಒಪ್ಪಬೇಕಾಯಿತು: ಸಿಲಿಕೋನ್ ಲೇಪದ ಹೊಚ್ಚಹೊಸ ಬಟ್ಟೆ ಮೀನಿನಂತೆ ಜಾರುತ್ತದೆ, ಮಡಚುವುದು ಕಲಿಯುವವರ ಕೈಗೆ ನಿಲ್ಲುವುದಿಲ್ಲ. ತುಸು ಬಳಸಿದ ಬಟ್ಟೆ ಕೈಮಾತು ಕೇಳುತ್ತದೆ.

ಅಳತೆಯ ಲೆಕ್ಕ ನಮಗೆ ಬಹಳ ಹಿಡಿಸಿತು. ಜಿಗಿಯುವವರ ತೂಕಕ್ಕೆ ಸಾಮಾನಿನ ತೂಕ ಕೂಡಿಸಿ, ಅದನ್ನು ಪೌಂಡಿನಲ್ಲಿ ಹಿಡಿದು, ಕೊಡೆಯ ಚದರಡಿಯಿಂದ ಭಾಗಿಸಬೇಕು. ಭಾಗಲಬ್ಧ ಒಂದಕ್ಕಿಂತ ಮೇಲೆ ಹೋದಂತೆ ಕೊಡೆ ಚುರುಕಾಗುತ್ತದೆ, ನೆಲಕ್ಕೆ ವೇಗವಾಗಿ ಬರುತ್ತದೆ. ಹೊಸಬರು ಒಂದನ್ನು ದಾಟಬಾರದು. ಮಗಳ ತೂಕ 55 ಕಿಲೋ, ಸಾಮಾನು 12 ಕಿಲೋ. ಒಟ್ಟು ಸುಮಾರು 148 ಪೌಂಡು. ಹಾಗಾದರೆ 150 ಚದರಡಿ ಸಾಕಲ್ಲ ಎಂದೆವು. ಸಾಲದು, ಎಂದಳು. ಹಗುರ ಮೈಯವರಿಗೆ ಭಾಗಲಬ್ಧ ಅಷ್ಟೇ ಬಂದರೂ ಸಣ್ಣ ಕೊಡೆ ಸಣ್ಣ ಕೊಡೆಯೇ, ಅದರ ತಿರುವು ಚುರುಕು. ಆದ್ದರಿಂದ 170. ಚದರ ಮೀಟರಿನಲ್ಲಿ ಇದು ಹದಿನಾರಕ್ಕೆ ತುಸು ಕಡಿಮೆ. ಐದೂವರೆ ಮೀಟರಿನ ಸೀರೆಯ ಲೆಕ್ಕದಲ್ಲಿ ಎರಡೂವರೆ ಸೀರೆ. ಮೇಲಿನ ಪದರ ಅಷ್ಟು, ಕೆಳಗಿನ ಪದರ ಮತ್ತಷ್ಟು, ನಡುವೆ ಬಟ್ಟೆಯ ಅಡ್ಡಗೋಡೆಗಳು. ಗಾಳಿ ಮುಂದಿನ ಬಾಯಿಯಿಂದ ನುಗ್ಗಿ ಈ ಗೂಡುಗಳಲ್ಲಿ ತುಂಬಿ ಬಟ್ಟೆಯೇ ರೆಕ್ಕೆಯಾಗುತ್ತದೆ. ಡೊಮಿನಾ ಜಾಲ್ಬರ್ಟ್ ಎಂಬುವರು 1960ರ ದಶಕದಲ್ಲಿ ಕಂಡುಹಿಡಿದ ಉಪಾಯ. ಮಾಮಾ ಕಂಡ ಸೈನ್ಯದ ಕೊಡೆ ಗುಂಡಗೆ, ಅದು ಬೀಳುವವನನ್ನು ನಿಧಾನ ಮಾಡುತ್ತದೆ ಅಷ್ಟೆ. ಇದು ಹಾರುತ್ತದೆ.

ಡಿಸೆಂಬರಿನಲ್ಲಿ ನಾವು ಒರ್ಲಾಂಡೋಗೆ ಹೋದೆವು. ಮೊದಲೇ ಗೊತ್ತುಮಾಡಿದ ಪ್ರವಾಸ. ಉದ್ದೇಶ ಮಾತ್ರ ಬದಲಾಯಿತು. ಅಲ್ಲಿಂದ ಉತ್ತರಕ್ಕೆ ಒಂದು ತಾಸಿನ ದಾರಿಯಲ್ಲಿ ಡಿಲ್ಯಾಂಡ್ ಎಂಬ ಸಣ್ಣ ಊರಿದೆ. ಇಚಲಕರಂಜಿಗೆ ಬಟ್ಟೆ ಹೇಗೋ ಡಿಲ್ಯಾಂಡಿಗೆ ಪ್ಯಾರಾಚೂಟ್ ಹಾಗೆ. ಊರಿನ ವಿಮಾನ ನಿಲ್ದಾಣದ ಸುತ್ತ ಕೊಡೆ ಹೊಲಿಯುವ, ಚೀಲ ಹೊಲಿಯುವ ಕಾರ್ಖಾನೆಗಳು. ಬಿಲ್ ಬೂತ್ ಎಂಬುವರ ಕಂಪನಿಯೂ ಇಲ್ಲಿಯದೇ. ಮುಖ್ಯ ಕೊಡೆ ಕೆಟ್ಟರೆ ಅದನ್ನು ಹೆಗಲಿನಿಂದ ಕ್ಷಣದಲ್ಲಿ ಕಳಚಿ ಎಸೆಯಲು ಮೂರು ಉಂಗುರಗಳನ್ನು ಒಂದರೊಳಗೊಂದು ಪೋಣಿಸುವ ಯುಕ್ತಿಯನ್ನು 1970ರ ದಶಕದಲ್ಲಿ ಮಾಡಿದವರು ಅವರು. ದೊಡ್ಡ ಉಂಗುರದ ಭಾರವನ್ನು ಸಣ್ಣದು, ಅದರದನ್ನು ಇನ್ನೂ ಸಣ್ಣದು ಹೊರುತ್ತ, ಕೊನೆಗೆ ಒಂದು ದಾರದ ಕುಣಿಕೆಗೆ ಬರುವ ಹೊತ್ತಿಗೆ ಇಡೀ ಮನುಷ್ಯನ ತೂಕ ಬೆರಳಿನಿಂದ ಎಳೆಯುವಷ್ಟಾಗಿರುತ್ತದೆ. ಮಗ್ಗದ ಫಿಟ್ಟರುಗಳು ಕಂಡರೆ ಕೈಮುಗಿದಾರು.

ಮಗಳು ನೋಡಿದ ಮೊದಲ ರಿಗ್ಗು ಬೇರೊಂದು ರಾಜ್ಯದ ಮನುಷ್ಯನದು. ನಮಗೆ ಕಳಿಸಿದ್ದ ಫೋಟೋ ಅದರದೇ. ಬೆಲೆ ಕಣ್ಣು ಕುಕ್ಕುವಷ್ಟು ಕಡಿಮೆ. ಅಲ್ಲಿಯ ರೂಢಿಯೇನೆಂದರೆ, ಮಾರುವವನು ಸಾಮಾನನ್ನು ನೇರವಾಗಿ ಕೊಳ್ಳುವವನಿಗೆ ಕೊಡದೆ, ಕೊಳ್ಳುವವನು ಆರಿಸಿದ ‘ರಿಗ್ಗರ್’ ಬಳಿಗೆ ಕಳಿಸುತ್ತಾನೆ. ರಿಗ್ಗರ್ ಎಂದರೆ ಸರಕಾರದ ಪರೀಕ್ಷೆ ಪಾಸಾಗಿ ಪ್ಯಾರಾಚೂಟ್ ಪರೀಕ್ಷಿಸಲು, ಮಡಚಲು ಅಧಿಕಾರ ಪಡೆದವರು. ಹಣ ಅಷ್ಟರವರೆಗೆ ಮೂರನೆಯವರ ಕೈಯಲ್ಲಿ. ಪರೀಕ್ಷೆಯ ಶುಲ್ಕ ಕೊಳ್ಳುವವರದು. ನಮ್ಮ ಊರಿನಲ್ಲಿ ಎತ್ತಿನ ಹಲ್ಲು ನೋಡಲು ಬೇರೆಯವರನ್ನು ಕರೆದೊಯ್ಯುವುದಿಲ್ಲವೇ, ಹಾಗೆ.

ರಿಗ್ಗರ್ ಅವರ ಕೋಣೆಗೆ ಕಾಲಿಟ್ಟಾಗ ನಮಗೆ ಪರದೇಶವೆಂಬುದು ಮರೆತುಹೋಯಿತು. ಉದ್ದನೆಯ ಮೇಜು, ಮೇಲೆ ಬಿಳಿಯ ದೀಪ, ಗೋಡೆಗೆ ದಾರದ ಉಂಡೆಗಳು, ಮೂಲೆಯಲ್ಲಿ ಹೊಲಿಗೆ ಯಂತ್ರಗಳು. ತಾಗಾ ಪರೀಕ್ಷೆಯ ಮನೆಯೇ ಸರಿ. ರಿಗ್ಗರ್ ನಡುವಯಸ್ಸಿನ ಹೆಂಗಸು, ಮಿತಭಾಷಿ. ಅವರು ಮೊದಲಿಗೆ ಬಟ್ಟೆಯನ್ನು ಮುಟ್ಟಲೇ ಇಲ್ಲ. ಕಾಗದ ನೋಡಿದರು: ತಯಾರಾದ ದಿನ, ಕ್ರಮಸಂಖ್ಯೆ, ಕಂಪನಿ ಆಮೇಲೆ ಹೊರಡಿಸಿದ ದುರಸ್ತಿಯ ಸೂಚನೆಗಳು. ಎರಡನೆಯ ಕೊಡೆಗೆ ಇಪ್ಪತ್ತು ವರ್ಷ ದಾಟಿತ್ತು. ಅಷ್ಟು ಹಳೆಯದನ್ನು ಮಡಚಲು ತಾನು ಒಪ್ಪುವುದಿಲ್ಲ ಎಂದರು. ಯಂತ್ರದ ಆಯುಸ್ಸು ಮುಗಿದಿತ್ತು. ಆಮೇಲೆ ಮುಖ್ಯ ಕೊಡೆಯ ದಾರಗಳನ್ನು ಜೋಡಿ ಜೋಡಿಯಾಗಿ ಎಳೆದು ಅಳೆದರು. ದಾರ ಸ್ಪೆಕ್ಟ್ರಾ ಎಂಬ ಜಾತಿಯದು, ಉಕ್ಕಿಗಿಂತ ಬಲ, ಆದರೆ ಬಿಸಿಗೆ ಕುಗ್ಗುವ ಗುಣ. ಕೊಡೆ ಬಿಚ್ಚುವಾಗ ವೇಗ ತಗ್ಗಿಸಲು ದಾರಗಳ ಮೇಲಿನಿಂದ ಕೆಳಗೆ ಜಾರಿ ಬರುವ ಚೌಕದ ಬಟ್ಟೆಯೊಂದಿದೆ; ಅದು ತಿಕ್ಕಿದಲ್ಲೆಲ್ಲ ದಾರ ಬಿಸಿಯಾಗಿ ಕುಗ್ಗುತ್ತದೆ. ಹೊರಗಿನ ದಾರಗಳು ಹೆಚ್ಚು ಕುಗ್ಗಿ, ಒಳಗಿನವು ಹಾಗೇ ಉಳಿದು, ಕೊಡೆ ತನ್ನ ಮೂಲದ ಆಕಾರವನ್ನೇ ಮರೆತಿತ್ತು. ಹಾಸಿನ ಎಳೆಗಳಲ್ಲಿ ಒಂದು ಬಿಗಿ ಒಂದು ಸಡಿಲ ಇದ್ದರೆ ಬಟ್ಟೆ ಏನಾಗುತ್ತದೆಂದು ಬೀಮ್ ಸುತ್ತಿದ ಯಾರಿಗೂ ವಿವರಿಸಬೇಕಿಲ್ಲ. ಕೊನೆಗೆ ಪಟ್ಟಿಗಳನ್ನು ಮಗಳ ಮೈಗೆ ಕಟ್ಟಿದರು. ಅದು ಎತ್ತರದ ಮನುಷ್ಯನಿಗಾಗಿ ಹೊಲಿದದ್ದು. ಎಷ್ಟು ಬಿಗಿದರೂ ಹೆಗಲ ಮೇಲೆ ಪಟ್ಟಿ ಏಳುತ್ತಿತ್ತು. ಆಪತ್ತಿನಲ್ಲಿ ಎಳೆಯಬೇಕಾದ ಹಿಡಿಗಳು ಇರಬೇಕಾದಲ್ಲಿ ಇರಲಿಲ್ಲ.

ಇಲ್ಲಿ ಕೊಲ್ಹಾಪುರದ ಚಪ್ಪಲಿಯ ನೆನಪಾಗದೆ ಹೇಗಿದ್ದೀತು? 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಸಿಕ್ಕಿತು, ಗಡಿಯ ಜಗಳವಾಡುವವರು ಗಮನಿಸಬೇಕಾದ ಸಂಗತಿ. ಚಪ್ಪಲಿ ಮೊದಲು ಕಚ್ಚಿದರೂ ಎಣ್ಣೆ ಹಾಕಿ ಹಾಕಿ ಕಾಲಿಗೆ ಒಗ್ಗಿಸಿಕೊಳ್ಳುತ್ತೇವೆ. ಹಾರ್ನೆಸ್ ಹಾಗೆ ಒಗ್ಗುವುದಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಹೊಲಿಸಬೇಕು, ಅದರ ಖರ್ಚಿನಲ್ಲಿ ಸಿಕ್ಕ ಲಾಭವೆಲ್ಲ ಕರಗುತ್ತದೆ. ರಿಗ್ಗು ಬಂದ ದಾರಿಗೆ ಮರಳಿತು. ಮಾರುವವನು ಸಿಟ್ಟಾಗಲಿಲ್ಲ, ಅವನಿಗೆ ಗೊತ್ತಿತ್ತು ಎಂದು ನಮ್ಮ ಗುಮಾನಿ.

ಆಮೇಲೆ ಬಿಡಿಬಿಡಿಯಾಗಿ ಕೂಡಿಸುವ ಕೆಲಸ ಮೂರು ವಾರ ನಡೆಯಿತು. ಚೀಲ ಅದೇ ಮೈದಾನದಲ್ಲಿ ಜಿಗಿಯುವ, ಮಗಳಷ್ಟೇ ಎತ್ತರದ ಹುಡುಗಿಯೊಬ್ಬಳದು. ಅವಳು ಸಣ್ಣ ಕೊಡೆಗೆ ಹೋಗುವವಳಿದ್ದಳು. ಹೊಂದುವ ಎರಡನೆಯ ಕೊಡೆಯೂ ಒಳಗೇ ಇತ್ತು, ಒಮ್ಮೆಯೂ ಗಾಳಿ ಕಾಣದ್ದು. ಮುಖ್ಯ ಕೊಡೆ ಬೇರೊಬ್ಬರದು: 170 ಚದರಡಿ, ಒಂಬತ್ತು ಗೂಡು, ದಾರಗಳನ್ನು ಹೊಸದಾಗಿ ಕಟ್ಟಿಸಿದ್ದು. ಈ ಬಾರಿ ರಿಗ್ಗರ್ ನಮ್ಮ ಕಡೆ ತಿರುಗಿ, ನೋಡುತ್ತೀರಾ ಎಂದು ಕೈಮಾಡಿದರು. ಅಷ್ಟಕ್ಕೇ ಕಾಯುತ್ತಿದ್ದೆವು. ಪಿಕ್ಕು ಎಣಿಸುವ ಮಡಚುವ ಗಾಜು ನಮ್ಮ ಜೇಬಿನಲ್ಲಿ ಸಮುದ್ರ ದಾಟಿ ಬಂದಿತ್ತು. ಮೂವತ್ತು ಡೆನಿಯರಿನ ನೂಲು ಎಂದರೆ ನಾವು ದಿನವೂ ಮುಟ್ಟುವ ಹತ್ತಿಯ ನೂಲಿಗೆ ಕೂದಲು. ಆದರೂ ಎಳೆ ಎಳೆ ಬಿಡಿಸಿದಂತೆ ಕಾಣಿಸಿತು. ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಲಿಲ್ಲ. ಇದೂ ಒಂದು ಪರೀಕ್ಷೆಯೇ ಎಂದು ರಿಗ್ಗರ್ ನಕ್ಕರು. ಎರಡನೆಯ ಕೊಡೆಯ ಬಟ್ಟೆ ಬೇರೆ, ಲೇಪವಿಲ್ಲದ್ದು, ತುಸು ಉಸಿರು ಬಿಡುವಂಥದ್ದು. ತಟ್ಟನೆ ನಂಬಿಕೆಯಿಂದ ಬಿಚ್ಚಬೇಕಾದದ್ದು ಅದು. ಮುಖ್ಯ ಕೊಡೆಯ ಹಿಂದಿನ ಅಂಚಿನ ಬಳಿ ಒಂದು ತುಂಡು ಹಳದಿ ಉಳಿದ ಹಳದಿಯೊಡನೆ ಕೂಡುತ್ತಿರಲಿಲ್ಲ. ಬಣ್ಣದ ಲಾಟ್ ಬೇರೆ ಎಂದೆವು. ಮಗಳು ಅನುವಾದಿಸಿದಳು. ರಿಗ್ಗರ್ ಕಾಗದ ತಿರುವಿದರು. ಎರಡು ವರ್ಷದ ಹಿಂದೆ ಆ ತುಂಡನ್ನು ಕಂಪನಿಯಲ್ಲಿಯೇ ಬದಲಿಸಿದ ದಾಖಲೆ ಇತ್ತು. ಹೊಲಿಗೆಯನ್ನು ಮತ್ತೊಮ್ಮೆ ನೋಡಿ, ಒಳ್ಳೆಯ ಕೆಲಸ ಎಂದರು. ನಮಗೂ ಹಾಗೆಯೇ ಕಂಡಿತು.

ಉಳಿದದ್ದು ಯಂತ್ರ. ಜರ್ಮನಿಯಲ್ಲಿ ಹೆಲ್ಮುಟ್ ಕ್ಲೋತ್ ಎಂಬುವರು ಜಿಗಿತದಲ್ಲಿ ಗೆಳೆಯನನ್ನು ಕಳೆದುಕೊಂಡ ಮೇಲೆ ಇಂಥದೊಂದನ್ನು ಮಾಡಲು ಹೊರಟು, 1991ರಲ್ಲಿ ‘ಸೈಪ್ರೆಸ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಗಾಳಿಯ ಒತ್ತಡದಿಂದ ಅದು ಎತ್ತರವನ್ನೂ ವೇಗವನ್ನೂ ಲೆಕ್ಕಿಸುತ್ತಿರುತ್ತದೆ. ನೆಲ ಸುಮಾರು 225 ಮೀಟರ್ ಹತ್ತಿರ ಬಂದರೂ ಮನುಷ್ಯ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ, ಅವನಿಗೆ ಎಚ್ಚರ ತಪ್ಪಿದೆಯೆಂದೋ ಏನೂ ಮಾಡಲಾಗುತ್ತಿಲ್ಲವೆಂದೋ ತಿಳಿದು, ಎರಡನೆಯ ಕೊಡೆಯನ್ನು ಮುಚ್ಚಿಟ್ಟ ದಾರದ ಕುಣಿಕೆಯನ್ನು ಒಂದು ಸಣ್ಣ ಚೂರಿಯಿಂದ ಕತ್ತರಿಸುತ್ತದೆ. ಅಷ್ಟೇ ಅದರ ಕೆಲಸ. ಒಂದು ದಾರ ಕತ್ತರಿಸುವುದು. ಬಳಸಿದ ಯಂತ್ರ, ಆಯುಸ್ಸು ನಾಲ್ಕು ವರ್ಷ ಉಳಿದದ್ದು, ಕಡಿಮೆಗೆ ಸಿಗುತ್ತಿತ್ತು. ಎರಡು ದಿನ ಫೋನ್ ಎತ್ತದಿದ್ದವರು ಇಲ್ಲಿ ಮೊದಲ ಬಾರಿಗೆ ವ್ಯವಹಾರದಲ್ಲಿ ಬಾಯಿ ಹಾಕಿದರು: “ಚೀಲ ಹಳೇದಿರಲಿ, ಅರಿವಿ ಹಳೇದಿರಲಿ. ಇದು ಮಾತ್ರ ಹೊಸದು. ರೊಕ್ಕ ನಾವು ಕೊಡತೀವಿ.”

ಆ ಹಣದ ಮಾತನ್ನೂ ಹೇಳಬೇಕು. ನಮ್ಮದು ಖರ್ಚಿ ಕೆಲಸದ ಮನೆತನ. ವ್ಯಾಪಾರಿಯ ನೂಲು ತಂದು ನೇಯ್ದು ಪಿಕ್ಕಿನ ಲೆಕ್ಕದಲ್ಲಿ ಮಜೂರಿ ಪಡೆಯುವವರು. ಹದಿನಾರು ಸಾದಾ ಮಗ್ಗಗಳಿದ್ದವು. ಶಟಲ್ ಇಲ್ಲದ ವೇಗದ ಮಗ್ಗಗಳು ಊರಿಗೆ ಬಂದ ಮೇಲೆ ಲಾಳಿಯ ಮಗ್ಗಕ್ಕೆ ಕೆಲಸ ಕಡಿಮೆಯಾಯಿತು, ಮಜೂರಿ ಏರಲಿಲ್ಲ, ವಿದ್ಯುತ್ತಿನ ಬಿಲ್ಲು ಏರಿತು. ಅಮೆರಿಕಕ್ಕೆ ಹೊರಡುವ ಎರಡು ತಿಂಗಳ ಮೊದಲು ಎಂಟು ಮಗ್ಗಗಳನ್ನು ಮೋಡಿಗೆ, ಕಿಲೋ ಲೆಕ್ಕದಲ್ಲಿ, ಕೊಟ್ಟಿದ್ದೆವು. ಅವುಗಳಲ್ಲಿ ನಾಲ್ಕು ಅಜ್ಜನ ಕಾಲದವು. ತೂಕದ ಕಾಟೆಯ ಮೇಲೆ ಅವನ್ನು ಇಟ್ಟಾಗ ಇಬ್ಬರೂ ಅಲ್ಲಿ ನಿಲ್ಲಲಿಲ್ಲ. ಬಂದ ಹಣವನ್ನು ಏನು ಮಾಡಬೇಕೆಂದು ತೋಚದೆ ಬ್ಯಾಂಕಿನಲ್ಲಿ ಹಾಗೇ ಇಟ್ಟಿದ್ದೆವು. ಮನೆಯ ಖರ್ಚಿಗೆ ತೆಗೆಯಲು ಕೈ ಬಂದಿರಲಿಲ್ಲ. ಸುಮಾರು ಒಂದು ಲಕ್ಷ ರೂಪಾಯಿಯ ಆ ಸಣ್ಣ ಪೆಟ್ಟಿಗೆಗೆ ಅದು ಹೋಯಿತು. ಮಗಳು ಬೇಡವೆಂದಳು, ಸಂಬಳವಿದೆ ಎಂದಳು, ಕೊನೆಗೆ ಸುಮ್ಮನಾದಳು.

ಕೊಂಡದ್ದನ್ನೆಲ್ಲ ಕೂಡಿಸಿ ರಿಗ್ಗರ್ ಎರಡನೆಯ ಕೊಡೆಯನ್ನು ಮಡಚಿದ ದಿನ ನಾವು ಮೇಜಿನ ಬದಿಯಲ್ಲಿ ಕುಳಿತು ನೋಡಿದೆವು. ಗಂಟೆಗಳ ಕೆಲಸ. ಒಂದೊಂದು ಮಡಿಕೆಯನ್ನೂ ಅಂಗೈಯಿಂದ ಒತ್ತಿ ಗಾಳಿ ಹೊರಡಿಸುವುದು, ಬಳಸಿದ ಪ್ರತಿಯೊಂದು ಉಪಕರಣವನ್ನೂ ಕೊನೆಯಲ್ಲಿ ಎಣಿಸುವುದು. ಒಂದು ಕಡ್ಡಿ ಒಳಗೆ ಉಳಿದರೂ ಕೆಲಸ ಕೆಟ್ಟಂತೆ. ಮುಚ್ಚಿದ ಮೇಲೆ ತೆಳುವಾದ ದಾರ ಕಟ್ಟಿ ಅದರ ಮೇಲೆ ಸೀಸದ ಸಣ್ಣ ಮುದ್ರೆ ಒತ್ತಿದರು. ಮುದ್ರೆಯಲ್ಲಿ ಅವರದೇ ಗುರುತಿನ ಅಕ್ಷರಗಳು. ಒಂದು ಕಾರ್ಡಿನಲ್ಲಿ ದಿನಾಂಕ ಬರೆದು, ಸಹಿ ಮಾಡಿ, ಚೀಲದ ಒಳಜೇಬಿಗೆ ಸೇರಿಸಿದರು. ಅದೇ ಕಾರ್ಡಿನಲ್ಲಿ ಹಿಂದೆ ಮಡಚಿದವರೆಲ್ಲರ ಸಹಿಗಳು ಸಾಲಾಗಿದ್ದವು. ನಮ್ಮ ಊರಿನಿಂದ ಹೊರಡುವ ತಾಗಾದ ಮೇಲೆ ವ್ಯಾಪಾರಿಯ ಛಾಪು ಇರುತ್ತದೆ. ನೇಯ್ದವನ ಹೆಸರು ಎಲ್ಲಿಯೂ ಇರುವುದಿಲ್ಲ. ಯಾರ ಮೈಮೇಲೆ ಅದು ಹೋಯಿತೆಂದು ನೇಯ್ದವನಿಗೂ ಗೊತ್ತಾಗುವುದಿಲ್ಲ. ಆ ಕಾರ್ಡಿನ ಚಿತ್ರ ತೆಗೆದು ಗಡಹಿಂಗ್ಲಜಕ್ಕೆ ಕಳಿಸಿದೆವು. ಮಾಮಾ ಮರಳಿ ಒಂದೇ ಮಾತು ಬರೆದರು: “ಛಲೋ.”

ಮುಖ್ಯ ಕೊಡೆಯನ್ನು ಮಗಳು ತಾನೇ ಮಡಚಿದಳು, ಮೈದಾನದ ಬದಿಯ ಜಮಖಾನೆಯ ಮೇಲೆ. ನಾವೂ ಮಂಡಿಯೂರಿ ಕುಳಿತೆವು. ತಾಗಾದ ಘಡಿ ಹಾಕಿ ಪಳಗಿದ ಕೈಗಳಿಗೆ ಸುಮ್ಮನಿರುವುದು ಕಷ್ಟ, ಆದರೆ ಮುಟ್ಟಲು ಅಪ್ಪಣೆಯಿರಲಿಲ್ಲ. ಮಡಚುವವರು ಒಬ್ಬರೇ ಇರಬೇಕು, ತಪ್ಪಿದರೆ ಯಾರದೆಂದು ಗೊತ್ತಿರಬೇಕು. ದಾರಗಳನ್ನು ಹೆಗಲ ಮೇಲೆ ಹಾಕಿಕೊಂಡು, ಮಡಿಕೆಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿ, ಬಾಲವನ್ನು ಸುತ್ತಿ, ಎದೆಗೆ ಅವುಚಿ ನೆಲಕ್ಕೊರಗಿ, ತನ್ನ ತೂಕದಿಂದಲೇ ಗಾಳಿ ಹೊರಗೆ ಹಾಕಿದಳು. ಚೊಚ್ಚಲ ಕೂಸಿನ ಮೇಲೆ ಮಲಗುವ ತಾಯಿಯ ಎಚ್ಚರವಿತ್ತು ಅದರಲ್ಲಿ. ಮೊದಲ ಸಲ ಚೀಲಕ್ಕೆ ಹಿಡಿಸಲಿಲ್ಲ. ಬಿಚ್ಚಿ ಮತ್ತೆ ಮಡಚಿದಳು. ಮುಕ್ಕಾಲು ತಾಸು ಹಿಡಿಯಿತು. ಬೆವರು ಒರೆಸಿಕೊಂಡು ನಮ್ಮ ಕಡೆ ನೋಡಿದಳು. ನಾವು ಅಂಚುಗಳನ್ನು ನೋಡುತ್ತಿದ್ದೆವು, ಅವು ಸಮವಾಗಿದ್ದವು.

ವಿಮಾನ ಏರಿದ ಮೇಲೆ ಇಪ್ಪತ್ತು ನಿಮಿಷ ಏನು ಮಾಡಿದೆವೆಂದು ಬರೆಯುವ ಅಗತ್ಯವಿಲ್ಲ. ಒಬ್ಬರು ಚೌಡೇಶ್ವರಿಯನ್ನು ನೆನೆದರು. ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದು ದೇವತೆಗಳಿಗೆ ಬಟ್ಟೆ ನೇಯ್ದ ದೇವಲ ಮುನಿಯನ್ನು ದಾರಿಯಲ್ಲಿ ಕಾಪಾಡಿದವಳು ಅವಳು, ನೂಲಿನ ಗಂಟು ಹೊತ್ತವರ ಯೋಗಕ್ಷೇಮ ಅವಳಿಗೆ ಹೊಸದಲ್ಲ. ಇನ್ನೊಬ್ಬರು ಗಡಿಯಾರ ನೋಡಿದರು. ಆಕಾಶದಲ್ಲಿ ಚುಕ್ಕಿಗಳು ಕಾಣಿಸಿ, ಒಂದೊಂದೇ ಬಿಚ್ಚಿಕೊಂಡವು. ನೀಲಿ ಕೊಡೆಗಳು ಎರಡಿದ್ದವು, ಕೆಂಪು ಒಂದು. ಹಳದಿ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಅದು ನಮ್ಮ ತಲೆಯ ಮೇಲೆಯೇ ತಿರುಗುತ್ತಿತ್ತು. ಬಾಲದ ಬಳಿಯ ಆ ಬೇರೆ ಲಾಟಿನ ತುಂಡು ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಗಾಳಿಗೆ ಎದುರಾಗಿ ಬಂದು, ಎರಡೂ ಕೈ ಕೆಳಗೆಳೆದು, ನಾಲ್ಕು ಹೆಜ್ಜೆ ಓಡಿ ನಿಂತಳು. ಬಟ್ಟೆ ಅವಳ ಹಿಂದೆ ಸದ್ದಿಲ್ಲದೆ ನೆಲಕ್ಕೆ ಇಳಿಯಿತು.

ಅಮೆರಿಕದ ಕಾನೂನಿನಂತೆ ಎರಡನೆಯ ಕೊಡೆಯನ್ನು ಬಳಸಲಿ ಬಿಡಲಿ, 180 ದಿನಗಳಿಗೊಮ್ಮೆ ರಿಗ್ಗರ್ ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಚಬೇಕು. ಕಾರ್ಡಿನಲ್ಲಿದ್ದ ದಿನಾಂಕ ಜನವರಿ 10. ಮರಳಿ ಬಂದ ಮೇಲೆ ಅಡುಗೆಮನೆಯ ಗೋಡೆಯ ಕಾಲನಿರ್ಣಯದಲ್ಲಿ, ಕರ್ನಾಟಕಿ ಬೇಂದೂರ ಕಳೆದ ಮೇಲಿನ ಪುಟದಲ್ಲಿ, ಜುಲೈ 9ರ ಚೌಕದೊಳಗೆ ಹಾಲಿನ ಲೆಕ್ಕದ ಪಕ್ಕ ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇವೆ: ‘ಕೊಡೆ ಮಡಚಿತೇ, ಫೋನ್ ಮಾಡಿ ಕೇಳುವುದು. ಸಹಿ ನೋಡುವುದು.’